ಕ್ಯಾಪಿನ ಕೆಳಗೆ ಬರೆದದ್ದು

ಈ ಊರಿನಲ್ಲಿ ಶನಿವಾರ, ಭಾನುವಾರ ಎಲ್ಲೆಲ್ಲಿ ಹಾಡು ಕುಣಿತ ಹೇಗೆ ನಡೆಯಿತು ಎಂಬುದನ್ನು ನಾನು ಪೇಪರ್ ನೋಡದೆಯೇ ಹೇಳಬಲ್ಲೆ. ಹಾಗಂತ ಕಾರ್ಯಕ್ರಮಗಳಿಗೆ ಹೋಗುವವನಲ್ಲ. ಮೂವತ್ತು ವರ್ಷದಲ್ಲಿ ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಅರ್ಧಕ್ಕೆ ಎದ್ದು ಬಂದಿದ್ದೇನೆ. ಆದರೆ ಸೋಮವಾರ ಬೆಳಿಗ್ಗೆ ಶಿವಾಜಿನಗರದ ನನ್ನ ಅಂಗಡಿಯ ಷಟರ್ ಎತ್ತುವ ಹೊತ್ತಿಗೆ, ಹಿಂದಿನ ಎರಡು ದಿನಗಳಲ್ಲಿ ಕೆಟ್ಟ ಸ್ಪೀಕರ್‌ಗಳು ಒಂದೊಂದಾಗಿ ಬಂದು ಮೆಟ್ಟಿಲ ಮೇಲೆ ಕೂರುತ್ತವೆ. ಅವುಗಳನ್ನು ಮೂಸಿದರೆ ಸಾಕು. ಸುಟ್ಟ ವಾಸನೆ ಬಂದರೆ ಮಿಕ್ಸರಿನ ಕೆಂಪು ದೀಪ ಹತ್ತಿದರೂ ಆಪರೇಟರ್ ವಾಲ್ಯೂಮ್ ಇಳಿಸಿಲ್ಲ. ಅಂಚು ನೆನೆದು ಮೆತ್ತಗಾಗಿದ್ದರೆ ಬಯಲಿನಲ್ಲಿ ಮಳೆ ಬಂದಿದೆ. ಹಾಡುವವರ ತಲೆಯ ಮೇಲೆ ಶಾಮಿಯಾನ ಹಾಕಿ, ಬಾಕ್ಸ್‌ಗಳನ್ನು ದೇವರ ಪಾಲಿಗೆ ಬಿಟ್ಟಿದ್ದಾರೆ. ಯಾರಾದರೂ ಸ್ಪೀಕರ್ ಹಿಡಿದು ಬಾಗಿಲಲ್ಲಿ ನಿಂತರೆ ನಾನು ತಲೆ ಎತ್ತದೆ ಕೇಳುವುದು ಒಂದೇ ಪ್ರಶ್ನೆ: "ಕೋನ್ ಹರಿದಿದ್ಯಾ, ಕಾಯಿಲ್ ಸುಟ್ಟಿದ್ಯಾ?" ಈ ಕಸುಬಿನವರೆಲ್ಲ ಕೇಳುವುದು ಅದನ್ನೇ. ನಮಸ್ಕಾರ, ಕ್ಷೇಮಸಮಾಚಾರ ಎಲ್ಲ ಅದರಲ್ಲೇ ಮುಗಿಯುತ್ತದೆ.

ನನ್ನ ಕೆಲಸ ಇಷ್ಟೇ. ಕಾರ್ಯಕ್ರಮಗಳಿಗೆ ಬಾಡಿಗೆಗೆ ಹೋಗುವ ದೊಡ್ಡ ಬಾಕ್ಸ್‌ಗಳ ಒಳಗಿನ ಸ್ಪೀಕರ್ ಕೆಟ್ಟರೆ ಯಾರೂ ಬಿಸಾಡುವುದಿಲ್ಲ. ಹಿಂದೆ ಇರುವ ಮ್ಯಾಗ್ನೆಟ್ ನೂರು ವರ್ಷ ಬಾಳುತ್ತದೆ. ಕೆಡುವುದು ಮುಂದಿನ ಕಾಗದದ ಕೋನ್ ಮತ್ತು ಅದಕ್ಕೆ ಅಂಟಿದ ತಾಮ್ರದ ಕಾಯಿಲ್. ಆ ಕಾಯಿಲ್ ಮ್ಯಾಗ್ನೆಟ್ಟಿನ ಒಂದು ಸಣ್ಣ ಸಂದಿನಲ್ಲಿ, ಯಾವ ಗೋಡೆಗೂ ತಾಗದೆ ಮೇಲೆ ಕೆಳಗೆ ಆಡಬೇಕು. ಹಳೆಯದನ್ನೆಲ್ಲ ಕೆರೆದು ತೆಗೆದು ಹೊಸ ಕಾಯಿಲ್ ಕೂರಿಸುವಾಗ ಸುತ್ತಲೂ ಎಕ್ಸ್‌ರೇ ಫಿಲಂ ಕತ್ತರಿಸಿದ ಪಟ್ಟಿಗಳನ್ನು ಸಿಕ್ಕಿಸುತ್ತೇವೆ. ಯಾರದೋ ಪಕ್ಕೆಲುಬು, ಯಾರದೋ ಮೊಣಕೈ. ಆಮೇಲೆ ಅಂಟು ಹಾಕಿ ಎರಡೂ ಕೈಯಲ್ಲಿ ಒತ್ತಿ ಹಿಡಿದು ಇಪ್ಪತ್ತು ನಿಮಿಷ ಕೂರಬೇಕು. ಫೋನ್ ಬಂದರೂ ಏಳುವಂತಿಲ್ಲ, ಮೂಗು ತುರಿಸಿದರೂ ಕೈ ತೆಗೆಯುವಂತಿಲ್ಲ. ಅದಾದ ಮೇಲೆ ಎರಡು ದಿನ ಒಣಗಬೇಕು. ಕಟ್ಟಕಡೆಗೆ ಪಟ್ಟಿಗಳನ್ನು ಎಳೆದು ತೆಗೆದು, ನಡುವಿನ ತೂತಿನ ಮೇಲೆ ಒಂದು ದುಂಡನೆಯ ಕ್ಯಾಪ್ ಅಂಟಿಸಿದರೆ ಕೆಲಸ ಮುಗಿಯಿತು.

ಇದನ್ನು ನನಗೆ ಕಲಿಸಿದವರು ಫ್ರೇಜರ್ ಟೌನಿನಿಂದ ದಿನಾ ಸೈಕಲ್ ತುಳಿದು ಬರುತ್ತಿದ್ದ ಉಸ್ತಾದರು. ನಾನು ರಾಯಚೂರಿನ ಕಡೆಯಿಂದ ಬಂದು ಹಲಸೂರಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಆ ಕೋಣೆಯಲ್ಲೇ ಈಗಲೂ ಇದ್ದೇನೆ. ಮದುವೆಯ ಮಾತು ಎರಡು ಸಲ ಬಂದು, ನನ್ನ ಅಂಟಿನ ವಾಸನೆಗೋ ಏನೋ, ಬಾಗಿಲವರೆಗೂ ಬಂದು ತಿರುಗಿ ಹೋಯಿತು. ಉಸ್ತಾದರು ಮನೆಯಲ್ಲಿ ದಖ್ಖನಿ, ನನ್ನ ಜೊತೆ ಅರ್ಧ ಕನ್ನಡ ಮಾತಾಡುತ್ತಿದ್ದರು. ಮೊದಲ ಸಲ ನಾನೇ ಪೂರ್ತಿ ಕೆಲಸ ಮುಗಿಸಿ ಕ್ಯಾಪ್ ಅಂಟಿಸಲು ಹೋದಾಗ ಅವರು ಕೈ ಹಿಡಿದು ನಿಲ್ಲಿಸಿದರು. ಕ್ಯಾಪಿನ ಕೆಳಗೆ, ಮ್ಯಾಗ್ನೆಟ್ಟಿನ ನಡುಗಂಬದ ತಲೆ ಅಂಗೈಯಷ್ಟಗಲದ ಕಪ್ಪು ಬಿಲ್ಲೆಯಂತೆ ಕಾಣುತ್ತಿತ್ತು. ಅದರ ಮೇಲೆ ಬಿಳಿ ಪೆನ್ಸಿಲಿನಲ್ಲಿ ಒಂದು ಅರ್ಧಚಂದ್ರ, ಪಕ್ಕದಲ್ಲಿ ತಾರೀಖು ಇತ್ತು. ಅರ್ಧಚಂದ್ರ ಅವರದೇ ಗುರುತು.

"ನೀನೂ ಹಾಕು" ಅಂದರು.

ನಾನು ನನ್ನ ಹೆಸರು ಬರೆಯಲು ಹೊರಟೆ.

"ಹೆಸ್ರು ನಕ್ಕೋ ರೇ. ನಿಶಾನಿ ಸಾಕು. ನಾಳೆ ಇದನ್ನ ಬಿಚ್ಚೋನು ನಮ್ಮಂಥೋನೇ. ಯಾರ್ ಕೈ ಅಂತ ಅವ್ನಿಗೆ ಗೊತ್ತಾಗ್ಲಿ. ಹಾಡೋರಿಗೂ ಬೇಡ, ಕೇಳೋರಿಗೂ ಬೇಡ."

ನಾನು ಒಂದು ದುಂಡು ಸುತ್ತಿ ನಡುವೆ ಚುಕ್ಕೆ ಇಟ್ಟೆ. ಉಸ್ತಾದರು ಅದನ್ನು ನೋಡಿ, ಊರಿನ ರೊಟ್ಟಿ ಮರೆತಿಲ್ಲ ನೀನು ಎಂದು ನಕ್ಕರು. ಅಂದಿನಿಂದ ನನ್ನ ಗುರುತು ರೊಟ್ಟಿ. ಕೋನ್ ಎಷ್ಟು ಸಲ ಬದಲಾದರೂ ಆ ಬಿಲ್ಲೆ ಬದಲಾಗುವುದಿಲ್ಲ. ಹಿಂದಿನವರ ಗುರುತನ್ನು ಒರೆಸಬಾರದು ಎಂಬುದು ಕಸುಬಿನ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇದೆ: ಗಿರಾಕಿಯನ್ನು "ಬೇರೆ ಯಾರ ಹತ್ರ ಕೊಡ್ತೀರಿ" ಎಂದು ಕೇಳಬಾರದು. ಕೇಳಿದರೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾರೆ. ಸೌಂಡ್ ಬಾಡಿಗೆಯವರೂ ತಾವಾಗಿ ಹೇಳುವುದಿಲ್ಲ.

ಉಸ್ತಾದರು ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಅವರ ಮಕ್ಕಳಿಗೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆಯ ಅಂಗಡಿ. ಈ ಗೂಡಂಗಡಿಯನ್ನು ನನಗೇ ಬಿಟ್ಟಿದ್ದಾರೆ, ಎದುರು ಸಿಕ್ಕರೆ ಕೈ ಎತ್ತಿ ಸಲಾಂ ಹೇಳುತ್ತಾರೆ. ಮೊದಲೆಲ್ಲ ಸ್ಪೀಕರ್ ತಂದವರು ಕೂತು ಚಹಾ ಕುಡಿದು, ಯಾರು ಹಾಡಿದರು, ಜನ ಎಷ್ಟು ಸೇರಿದ್ದರು, ಯಾರು ಯಾರಿಗೆ ಬೈದರು ಎಂದು ಹೇಳಿ ಹೋಗುತ್ತಿದ್ದರು. ಈಗ ಆ್ಯಪಿನ ಬೈಕಿನವರು ತಂದಿಟ್ಟು, ಫೋಟೋ ಹೊಡೆದು, ಹೆಲ್ಮೆಟ್ ಕೂಡ ತೆಗೆಯದೆ ಹೋಗುತ್ತಾರೆ. ಹಿಂದೆಯೇ ಒಂದು ವಾಯ್ಸ್ ಮೆಸೇಜು ಬರುತ್ತದೆ: "ಅಣ್ಣಾ, ಎರಡು ಹದಿನೈದು ಇಂಚು, ಅರ್ಜೆಂಟು." ಕೆಲವು ದಿನ ಸಂಜೆ ಷಟರ್ ಎಳೆಯುವಾಗ, ಬೆಳಿಗ್ಗೆಯಿಂದ ಬಾಯಿ ಬಿಟ್ಟೇ ಇಲ್ಲ ಎಂಬುದು ಹೊಳೆಯುತ್ತದೆ. ಗಂಟಲು ಸರಿಯಿದೆಯೋ ನೋಡಲು ಒಮ್ಮೆ ಕೆಮ್ಮುತ್ತೇನೆ. ಇದನ್ನು ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಇಂಥ ದಿನಗಳಲ್ಲೇ ನನಗೆ ಮೀನಿನವರ ಪರಿಚಯವಾಯಿತು. ಪರಿಚಯ ಅನ್ನುವುದು ದೊಡ್ಡ ಮಾತಾಯಿತೇನೋ. ಒಂದು ಸ್ಪೀಕರಿನ ಕ್ಯಾಪ್ ಕಿತ್ತಾಗ ಬಿಲ್ಲೆಯ ಮೇಲೆ ಒಂದೇ ಗೆರೆಯಲ್ಲಿ ಎಳೆದ ಪುಟ್ಟ ಮೀನು ಕಂಡಿತು. ಕೆಲಸ ನೋಡಿದೆ. ಅಂಟು ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ; ತಂತಿಯ ಬೆಸುಗೆ ಸಾಸಿವೆ ಕಾಳಿನಷ್ಟೇ ಇತ್ತು. ಉಸ್ತಾದರ ನಂತರ ಅಂಥ ಕೈಯನ್ನು ನಾನು ನೋಡಿರಲಿಲ್ಲ. ಮೀನಿನ ಪಕ್ಕದಲ್ಲಿ ನನ್ನ ರೊಟ್ಟಿ ಹಾಕಿ ಕ್ಯಾಪ್ ಮುಚ್ಚಿದೆ. ಆಮೇಲೆ ವರ್ಷಕ್ಕೆ ಎರಡೋ ಮೂರೋ ಸಲ ಆ ಮೀನು ಸಿಗತೊಡಗಿತು. ಎಲ್ಲವೂ ಒಬ್ಬರೇ ಗಿರಾಕಿಯ ಮಾಲಿನಲ್ಲಿ. ಟಿನ್ ಫ್ಯಾಕ್ಟರಿಯ ಹಿಂದೆ ಒಂದು ಶೆಡ್ಡಿನಲ್ಲಿ ಸೌಂಡ್ ಬಾಡಿಗೆಯ ಕೆಲಸ ನಡೆಸುವ ಹೆಂಗಸು ಆಕೆ. ಟೆಂಪೋ ತಾನೇ ಓಡಿಸುತ್ತಾಳೆ, ಮಿಕ್ಸರ್ ಮುಂದೆ ತಾನೇ ಕೂರುತ್ತಾಳೆ, ಬೈಗುಳವನ್ನೂ ತಾನೇ ತಿನ್ನುತ್ತಾಳೆ. ಟೆಂಪೋ ಯಾವ ಕಡೆ ಹೋಗುತ್ತಿದ್ದರೆ ಆ ಕಡೆ ಕೆಟ್ಟದ್ದನ್ನು ಕೊಡುವುದು ಆಕೆಯ ರೂಢಿ. ಕೆಲವು ನನಗೆ, ಕೆಲವು ಮೀನಿನವರಿಗೆ ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ.

ಒಂದು ಸಲ ಮೀನಿನ ಪಕ್ಕ ಸಣ್ಣ ಅಕ್ಷರಗಳು ಕಂಡವು: "ಸಂದಿನಲ್ಲಿ ತುಕ್ಕು ಇತ್ತು. ಮುಂದಿನವರು ನೋಡಿಕೊಳ್ಳಿ." ಮುಂದಿನವನು ನಾನೇ ಆಗಿದ್ದೆ. "ನೋಡಿದೆ, ಈಗಿಲ್ಲ" ಎಂದು ಬರೆದೆ. ಅದನ್ನು ಅವರು ಓದಿದರೋ ಇಲ್ಲವೋ ಗೊತ್ತಿಲ್ಲ, ಆ ಸ್ಪೀಕರ್ ಮತ್ತೆ ಬರಲೇ ಇಲ್ಲ. ಇನ್ನೊಂದರಲ್ಲಿ: "ಈ ಮಳೆಗೆ ಅಂಟು ಒಣಗುತ್ತಿಲ್ಲ, ಮೂರು ದಿನ ಇಟ್ಟೆ." ಮತ್ತೊಂದರಲ್ಲಿ ನನ್ನ ರೊಟ್ಟಿಯ ಕೆಳಗೆ: "ನಿಮ್ಮ ಕೋನ್ ಬಿಚ್ಚಲು ಮನಸ್ಸು ಬರಲಿಲ್ಲ. ಇಲಿ ಕಡಿದಿತ್ತು." ಇದನ್ನು ಓದಿದ ದಿನ ನಾನು ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ, ದರ್ಜಿಗಳ ಸಾಮಾನು ಮಾರುವ ಅಂಗಡಿಯಲ್ಲಿ ಹೊಸ ಬಿಳಿ ಪೆನ್ಸಿಲ್ ತಂದೆ. ನನ್ನ ಕೆಲಸವನ್ನು ಒಳಗಿನಿಂದ ನೋಡಿ ಗುರುತಿಸುವ ಒಬ್ಬ ಮನುಷ್ಯ ಈ ಊರಿನಲ್ಲಿ ಇದ್ದಾನೆ ಅನ್ನುವುದೇ ಒಂದು ತಿಂಗಳಿಗಾಗುವಷ್ಟು ಸಂತೋಷ ಕೊಟ್ಟಿತು.

ಕಷ್ಟ ಏನೆಂದರೆ, ಚೆನ್ನಾಗಿ ಮಾಡಿದ ಕೆಲಸ ವಾಪಸ್ ಬರುವುದಿಲ್ಲ. ನಾನು ಬರೆದದ್ದು ಅವರಿಗೆ ತಲುಪಬೇಕಾದರೆ ನನ್ನ ಸ್ಪೀಕರ್ ಕೆಡಬೇಕು. ಅವರ ಮಾತು ನನಗೆ ತಲುಪಬೇಕಾದರೆ ಅವರದು ಕೆಡಬೇಕು. ಇಬ್ಬರದೂ ಒಳ್ಳೆಯ ಕೈ. ಹಾಗಾಗಿ ನಾಲ್ಕು ಮಾತು ಆಡಲು ನಮಗೆ ಆರು ವರ್ಷ ಹಿಡಿಯಿತು.

ಆಮೇಲೆ ಕೊರೊನಾ ಬಂತು. ಹಾಡುವವರು, ಕೇಳುವವರು, ಬಾಡಿಗೆಯವರು ಎಲ್ಲರೂ ಮನೆ ಸೇರಿದರು. ಅಂಗಡಿಯಲ್ಲಿ ಒಂದು ಸ್ಪೀಕರೂ ಇರಲಿಲ್ಲ. ಎಲ್ಲ ಮತ್ತೆ ತೆರೆದ ಮೇಲೆ ಬಂದ ಮೊದಲ ಸ್ಪೀಕರಿನ ಬಿಲ್ಲೆಯ ಮೇಲೆ ರೊಟ್ಟಿ ಹಾಕಿ, ಕೆಳಗೆ "ಇದ್ದೇನೆ" ಎಂದು ಬರೆದೆ. ಯಾರೂ ಕೇಳಿರಲಿಲ್ಲ, ಆದರೂ ಬರೆದೆ. ನಂತರದ ಎರಡು ವರ್ಷ ಬಂದ ಪ್ರತಿಯೊಂದು ಕ್ಯಾಪನ್ನೂ ಕಾತರದಿಂದಲೇ ಕಿತ್ತೆ. ಹಳೆಯ ಮೀನುಗಳು ಕಂಡವು, ಹೊಸ ತಾರೀಖಿನ ಮೀನು ಒಂದೂ ಕಾಣಲಿಲ್ಲ. ಆ ಎರಡು ವರ್ಷಗಳಲ್ಲಿ ಎಷ್ಟು ಜನ ಹೋದರೆಂಬುದು ಎಲ್ಲರಿಗೂ ಗೊತ್ತಿದೆ. ಕಟ್ಟಳೆ ಮುರಿದು ಟಿನ್ ಫ್ಯಾಕ್ಟರಿಯ ಹೆಂಗಸನ್ನು ಒಮ್ಮೆ ಬಳಸಿ ಕೇಳಿದೆ: "ಈಗ್ಲೂ ಬೇರೆ ಕಡೆ ಕೊಡ್ತಿದೀರಾ ಮೇಡಂ?"

"ಯಾಕಣ್ಣಾ, ಕೆಲಸ ಕಮ್ಮಿ ಆಯ್ತಾ?" ಎಂದು ಆಕೆ ನಕ್ಕಳು. ನನ್ನ ಮುಖ ಕೆಂಪಾಯಿತು. ಮುಂದೆ ಕೇಳುವ ಧೈರ್ಯ ಆಗಲಿಲ್ಲ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಮೂವತ್ತು ವರ್ಷದಲ್ಲಿ ಬೇಕೆಂದೇ ಕೆಡಿಸಿದ್ದು ಅದೊಂದೇ.

ಬಾಡಿಗೆಯವರಲ್ಲಿ ಒಂದು ಪದ್ಧತಿ ಇದೆ. ರಿಪೇರಿ ಮಾಡಿದ ಸ್ಪೀಕರ್ ಸ್ವಲ್ಪ ದಿನದಲ್ಲೇ ಮತ್ತೆ ಕೆಟ್ಟರೆ ಅದೇ ಕೈಗೆ ಕೊಡುವುದಿಲ್ಲ, ಇನ್ನೊಂದು ಕೈಗೆ ತೋರಿಸುತ್ತಾರೆ. ಆ ಹೆಂಗಸು ತಂದ ಒಂದು ಹದಿನೈದು ಇಂಚಿನ ಸ್ಪೀಕರ್, ಮ್ಯಾಗ್ನೆಟ್ಟಿನ ಬೆನ್ನಿಗೆ ಹಳದಿ ಬಣ್ಣ ಬಳಿದದ್ದು, ನನ್ನ ಮುಂದೆ ಇತ್ತು. ಬಿಲ್ಲೆಯ ಮೇಲೆ ನಾನು "ಇದ್ದೀರಾ?" ಎಂದು ಬರೆದೆ. ಅದು ತಾನಾಗಿ ಅವರಿಗೆ ತಲುಪಬೇಕಾದರೆ ಐದು ವರ್ಷ ಬೇಕು. ಅಷ್ಟು ಕಾಯುವುದು ನನ್ನ ಕೈಯಲ್ಲಿ ಆಗುವಂತಿರಲಿಲ್ಲ. ಕಾಯಿಲ್ ಕೋನಿಗೆ ಸೇರುವ ಕಡೆ ಅಂಟನ್ನು ತೆಳುವಾಗಿ ಹಾಕಿದೆ, ಎರಡು ದಿನ ಒಣಗಿಸಬೇಕಾದದ್ದನ್ನು ನಾಲ್ಕೇ ಗಂಟೆಯೊಳಗೆ ಕೊಟ್ಟು ಕಳಿಸಿದೆ. ಆಕೆ ಪ್ರತಿಯೊಂದನ್ನೂ ಶೆಡ್ಡಿನಲ್ಲಿ ಜೋರಾಗಿ ಹಾಕಿ ಟೆಸ್ಟ್ ಮಾಡುತ್ತಾಳೆ. ಅಲ್ಲೇ ಗರಗರ ಅನ್ನುತ್ತದೆ, ಇನ್ನೊಂದು ಕಡೆ ಕೊಡುತ್ತಾಳೆ, ಯಾರಿಗೂ ನಷ್ಟವಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕ್ಯಾಪ್ ಅಂಟಿಸಿದೆ. ಅದು ಅಂಚೆ ಡಬ್ಬಕ್ಕೆ ಕಾಗದ ಹಾಕಿದಂತೆ ಎಂದುಕೊಂಡೆ.

ಹತ್ತು ದಿನ ಕಳೆದ ಮೇಲೆ ಆಕೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಾ ಹೇಳಿದಳು.

"ಇಂದಿರಾನಗರದ ಒಂದು ಸಣ್ಣ ಹಾಲ್‌ನಲ್ಲಿ ಪ್ರೋಗ್ರಾಂ ಅಣ್ಣಾ. ಎರಡೇ ಬಾಕ್ಸು. ಸಂಗೀತ ಹೇಳ್ಕೊಡೋ ಒಬ್ರು ವಯಸ್ಸಾದ ಅಮ್ಮ, ಎಷ್ಟೋ ವರ್ಷದ ಮೇಲೆ ಸ್ಟೇಜ್ ಹತ್ತಿದ್ರು. ಶಿಷ್ಯಂದ್ರೆಲ್ಲ ಮುಂದೆ ಕೂತಿದ್ರು. ಎರಡನೇ ಹಾಡಲ್ಲಿ ಕೆಳಗಿನ ಸ್ವರಕ್ಕೆ ಹೋದಾಗೆಲ್ಲ ಗರಗರ, ಗರಗರ. ಆ ಅಮ್ಮ ತಮ್ಮ ಗಂಟಲೇ ಹೋಯ್ತು ಅಂದ್ಕೊಂಡ್ರು. ಕ್ಷಮಿಸಿ, ನನ್ನ ಕೈಲಿ ಇನ್ನಾಗಲ್ಲ ಅಂತ ಕೈ ಮುಗಿದು ಇಳಿದುಬಿಟ್ರು. ಸ್ಪೀಕರ್ ತಪ್ಪು ಅಂತ ನಾನು ಎಷ್ಟು ಹೇಳಿದ್ರೂ, ಸಮಾಧಾನಕ್ಕೆ ಹೇಳ್ತಿದೀನಿ ಅಂತ ನಂಬ್ಲೇ ಇಲ್ಲ."

"ಶೆಡ್ಡಲ್ಲಿ ಟೆಸ್ಟ್ ಮಾಡ್ಲಿಲ್ವಾ?" ಎಂದು ಕೇಳಿದೆ.

"ಎಲ್ಲರದೂ ಮಾಡ್ತೀನಿ. ನಿಮ್ಮದು ಮಾಡಲ್ಲ. ನಿಮ್ಮ ಕೆಲಸ ಅಲ್ವಾ ಅಂತ ಸೀದಾ ಹಾಕ್ಬಿಟ್ಟೆ."

ಅಷ್ಟು ಹೇಳಿ ಎದ್ದು ಹೋದಳು. ನಾನು ನಿಜ ಹೇಳಲಿಲ್ಲ. ನನ್ನ ಕೆಲಸದ ಮೇಲೆ ಅಂಥ ನಂಬಿಕೆ ಇಟ್ಟವರು ಇದ್ದಾರೆ ಎಂಬುದು ನನಗೆ ಗೊತ್ತಾದದ್ದು ಅದನ್ನು ಮುರಿದ ದಿನವೇ. ಆಕೆಯ ಟೆಂಪೋ ಆಮೇಲೆ ನಮ್ಮ ಬೀದಿಗೆ ಬರಲಿಲ್ಲ. ಬೇರೆಯವರ ಕೆಲಸ ಇತ್ತು, ಹೊಟ್ಟೆಗೆ ಕೊರತೆ ಆಗಲಿಲ್ಲ. ಆದರೆ ಮೀನು ಬರುತ್ತಿದ್ದ ದಾರಿ ಅದೊಂದೇ. ಅದನ್ನು ನನ್ನ ಕೈಯಾರೆ ಮುಚ್ಚಿಕೊಂಡಿದ್ದೆ. ಕ್ಯಾಪ್ ಕೀಳುವಾಗ ಈಗ ಯಾವ ಕಾತರವೂ ಇರಲಿಲ್ಲ. ರೊಟ್ಟಿಯ ಗುರುತು ಹಾಕುವುದನ್ನೂ ಬಿಟ್ಟೆ. ಆ ಕೈಯ ಗುರುತು ಯಾರಿಗೆ ಬೇಕಾಗಿತ್ತು? ಮಧ್ಯಾಹ್ನ ಡಬ್ಬಿ ಬಿಚ್ಚಿ, ಎದುರಿನ ಗೋಡೆ ನೋಡುತ್ತಾ ಉಂಡು, ತೊಳೆದು, ಮತ್ತೆ ಕೂರುತ್ತಿದ್ದೆ. ಇಂದಿರಾನಗರದ ಆ ಅಮ್ಮನನ್ನು ನಾನು ನೋಡಿರಲಿಲ್ಲ. ಆದರೂ ಅವರು ಕೈ ಮುಗಿದು ಮೆಟ್ಟಿಲಿಳಿಯುವುದು ದಿನಕ್ಕೆ ಹತ್ತು ಸಲ ಕಣ್ಣ ಮುಂದೆ ಬರುತ್ತಿತ್ತು. ಮೀನಿನವರು ಸತ್ತೇ ಹೋಗಿದ್ದಾರೆ, ಇಷ್ಟೆಲ್ಲ ಮಾಡಿದ್ದು ಒಬ್ಬ ಸತ್ತ ಮನುಷ್ಯನಿಗಾಗಿ ಎಂದು ಒಂದು ದಿನ ಖಚಿತವಾಗಿ ಅನ್ನಿಸಿಬಿಟ್ಟಿತು.

ಹೀಗೆ ಒಂದು ವರ್ಷದ ಮೇಲೆ ನಾಲ್ಕು ತಿಂಗಳು ಕಳೆಯಿತು. ಕಳೆದ ಬೇಸಿಗೆಯ ಒಂದು ಮಂಗಳವಾರ ಬೆಳಿಗ್ಗೆ ಬೀದಿಯಲ್ಲಿ ಪರಿಚಿತ ಹಾರ್ನ್ ಕೇಳಿಸಿತು. ಆಕೆ ಸ್ಪೀಕರನ್ನು ಎರಡು ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದಳು.

"ಲೋಡ್ ಮಾಡ್ವಾಗ ಸ್ಟ್ಯಾಂಡಿನ ಕಂಬಿ ಚುಚ್ಚಿ ಕೋನ್ ಹರಿದೋಯ್ತು. ಭಾನುವಾರ ಬೇಕು. ಆ ಕಡೆ ಹೋಗೋಕೆ ಟೈಮಿಲ್ಲ. ಮಾಡ್ತೀರಾ?"

"ಶುಕ್ರವಾರ ಬನ್ನಿ" ಅಂದೆ.

ಆಕೆ ಹೋದ ಮೇಲೆ ತಿರುಗಿಸಿ ನೋಡಿದೆ. ಮ್ಯಾಗ್ನೆಟ್ಟಿನ ಬೆನ್ನಿಗೆ ಹಳದಿ ಬಣ್ಣ ಇತ್ತು.

ಕ್ಯಾಪಿನ ಅಂಚಿಗೆ ಬ್ಲೇಡ್ ಇಟ್ಟು ಎಷ್ಟು ಹೊತ್ತು ಕೂತಿದ್ದೆನೋ. ಯಾರೋ ಗೊತ್ತಿಲ್ಲದವರ ಗುರುತು ಕಂಡರೆ ಏನು ಗತಿ ಎಂಬ ಭಯ ಇತ್ತು. ಕೊನೆಗೆ ಕಿತ್ತೆ. ನನ್ನ ರೊಟ್ಟಿ, ಅದರ ಕೆಳಗೆ ನನ್ನ "ಇದ್ದೀರಾ?" ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ಒಂದೇ ಗೆರೆಯ ಮೀನು. ಸುತ್ತಲೂ, ಜಾಗ ಸಾಲದೆ ಬಿಲ್ಲೆಯ ಅಂಚಿನ ಉದ್ದಕ್ಕೂ ಬಳಸಿ ಬರೆದ ಸಣ್ಣ ಅಕ್ಷರಗಳು. ಓದಲು ಆ ಭಾರದ ಸ್ಪೀಕರನ್ನು ಮಡಿಲಲ್ಲಿಟ್ಟು ಸುತ್ತ ತಿರುಗಿಸಬೇಕಾಯಿತು.

"ಇದ್ದೇನೆ. ಇದು ನಿಮ್ಮ ಕೈ ಕೆಲಸದ ಹಾಗಿಲ್ಲ. ಮೈ ಹುಷಾರಿಲ್ಲವಾ?"

ತಾರೀಖು ನೋಡಿದೆ. ಇಂದಿರಾನಗರದಲ್ಲಿ ಹಾಡು ನಿಂತ ವಾರವೇ ಬರೆದದ್ದು. ನಾನು ಗೋಡೆ ನೋಡುತ್ತಾ ಉಂಡ ಅಷ್ಟೂ ದಿನ ಈ ಪ್ರಶ್ನೆ ಟಿನ್ ಫ್ಯಾಕ್ಟರಿಯ ಹಿಂದಿನ ಒಂದು ಶೆಡ್ಡಿನಲ್ಲಿ, ಒಂದು ಬಾಕ್ಸಿನ ಒಳಗೆ, ಒಂದು ಕ್ಯಾಪಿನ ಕೆಳಗೆ ಇತ್ತು. ನಾನು ಮಾಡಿದ ಮೋಸವನ್ನು ನೋಡಿ ಆ ಮನುಷ್ಯನಿಗೆ ಮೋಸ ಅನ್ನಿಸಿರಲಿಲ್ಲ, ಕಾಯಿಲೆ ಅನ್ನಿಸಿತ್ತು. ನನ್ನ ಮೈ ಹೇಗಿದೆ ಎಂದು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ ನೆನಪಿಲ್ಲ. ಹಾಡುಹಗಲೇ ಷಟರನ್ನು ಅರ್ಧ ಎಳೆದು, ಸ್ಪೀಕರನ್ನು ಮಡಿಲಲ್ಲಿಟ್ಟುಕೊಂಡೇ ಅತ್ತೆ.

ಅವರ ಅಂಟು ಎಷ್ಟು ಗಟ್ಟಿಯಾಗಿತ್ತೆಂದರೆ ಹಳೆಯದನ್ನು ಕೆರೆಯಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಹೊಸ ಕೋನ್, ಕಾಯಿಲ್ ಕೂರಿಸಿ, ಒತ್ತಿ ಹಿಡಿದು, ಎರಡು ದಿನ ಪೂರ್ತಿ ಒಣಗಲು ಬಿಟ್ಟೆ. ಬಿಳಿ ಪೆನ್ಸಿಲ್ ಕೈಗೆತ್ತಿಕೊಂಡು ರೊಟ್ಟಿ ಹಾಕಿದೆ, ತಾರೀಖು ಹಾಕಿದೆ, ಉತ್ತರ ಬರೆಯಲಿಲ್ಲ. ಈ ಪ್ರಶ್ನೆಗೆ ಉತ್ತರವನ್ನು ಮತ್ತೆ ಕ್ಯಾಪಿನ ಕೆಳಗೆ ಇಡಲು ಮನಸ್ಸು ಒಪ್ಪಲಿಲ್ಲ.

ಶುಕ್ರವಾರ ಆಕೆ ಬಂದಾಗ ಸ್ಪೀಕರ್ ಕೊಡುವ ಮೊದಲು ಹೇಳಿದೆ.

"ಮೇಡಂ, ಆವತ್ತು ಇದು ಕೆಟ್ಟಿದ್ದು ನನ್ನಿಂದ. ಅಂಟು ಕಮ್ಮಿ ಹಾಕ್ದೆ, ಒಣಗಕ್ಕೂ ಬಿಡ್ಲಿಲ್ಲ."

"ಬಿಡಿ ಅಣ್ಣಾ, ಹಳೇ ಕಥೆ. ಅಂಟಿಂದು ಆ ಲಾಟೇ ಸರಿ ಇರ್ಲಿಲ್ವಂತೆ. ಆ ಕಡೆ ಅಣ್ಣಾನೇ ಹೇಳಿದ್ರು, ಇದು ಅವರ ತಪ್ಪಲ್ಲ, ಬೇಜಾರ್ ಮಾಡ್ಕೊಬೇಡಿ ಅಂತ. ನಾನೇ ಕೋಪದಲ್ಲಿ ಬರ್ಲಿಲ್ಲ."

ಆ ಮನುಷ್ಯ ನನ್ನ ಮುಖವನ್ನೇ ನೋಡದೆ, ನನಗಾಗಿ ಸುಳ್ಳು ಹೇಳಿದ್ದರು. ಆ ಸುಳ್ಳಿನ ನೆರಳಲ್ಲಿ ನಾನು ಸುಮ್ಮನೆ ನಿಂತುಬಿಡಬಹುದಿತ್ತು.

"ಅಂಟು ಚೆನ್ನಾಗೇ ಇತ್ತು" ಅಂದೆ. "ಬೇಕೂಂತಾನೇ ಮಾಡ್ದೆ." ಯಾಕೆ ಎಂಬುದನ್ನೂ ಹೇಳಿದೆ. ಗುರುತುಗಳ ವಿಷಯ, ಮೀನಿನ ವಿಷಯ, ಎಲ್ಲ. ಅಷ್ಟು ಉದ್ದ ನಾನು ಎಂದೂ ಮಾತಾಡಿರಲಿಲ್ಲ.

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. "ನಿಮ್ಗೆ ತಲೆ ಕೆಟ್ಟಿದ್ಯಾ? ಒಂದು ಫೋನ್ ನಂಬರ್ ಬರೆಯಕ್ಕಾಗ್ತಿರ್ಲಿಲ್ವಾ ಒಳಗೆ?"

ಹೆಸರು ಬೇಡ, ಗುರುತು ಸಾಕು ಎಂದಿದ್ದರು ಉಸ್ತಾದರು. ಅದನ್ನು ಮೀರುವುದು ಮೂವತ್ತು ವರ್ಷದಲ್ಲಿ ಹೊಳೆದೇ ಇರಲಿಲ್ಲ ಅಂದರೆ ಯಾರು ನಂಬುತ್ತಾರೆ?

"ಅವರ ಅಡ್ರೆಸ್ ಕೊಡಿ ಮೇಡಂ."

"ಮೊದ್ಲು ಆ ಅಮ್ಮನ ಮನೆಗೆ ಹೋಗಿ ಇದನ್ನೇ ಹೇಳಿ. ಆಮೇಲೆ ಕೊಡ್ತೀನಿ. ಅವರು ಈಗ್ಲೂ ಗಂಟಲಿಗೆ ಕಷಾಯ ಕುಡೀತಾ ಇದಾರೆ." ಸ್ಪೀಕರ್ ಎತ್ತಿಕೊಂಡು ಬಾಗಿಲವರೆಗೂ ಹೋದವಳು ತಿರುಗಿದಳು. "ಆ ಕಡೆ ಅಣ್ಣಾನೂ ನಿಮ್ಮನ್ನ ಕೇಳ್ತಾನೇ ಇರ್ತಾರೆ. ಆ ದುಂಡು ಹಾಕೋರು ಹೇಗಿದಾರೆ, ಎಲ್ಲಿದಾರೆ ಅಂತ. ನಾನೇ ಹೇಳ್ಲಿಲ್ಲ. ಇಬ್ರೂ ಸೇರಿ ಹರಟ್ತಾ ಕೂತ್ರೆ ನನ್ನ ಕೆಲಸ ಲೇಟಾಗತ್ತೆ ಅಂತ."

ಇಂದಿರಾನಗರದ ಆ ಮನೆ ಮೊದಲ ಮಹಡಿಯಲ್ಲಿತ್ತು. ಬಾಗಿಲು ತೆರೆದವರು ಆ ಅಮ್ಮನೇ; ತೆಳ್ಳಗಿನ, ನೆಟ್ಟನೆಯ ಹೆಂಗಸು. ಹೊರಗೇ ನಿಂತು ಹೇಳಿದೆ. ಅವರು ಕೂರಿ ಅನ್ನಲಿಲ್ಲ, ಬೈಯಲೂ ಇಲ್ಲ. "ಹಾಗಾದ್ರೆ ಗಂಟಲು ಅಲ್ಲ" ಎಂದು ಎರಡು ಸಲ ಅಂದರು, ನನಗಲ್ಲ, ತಮಗೇ. ಬಾಗಿಲು ಮುಚ್ಚಿತು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಳಗಿನಿಂದ ಒಂದು ಕೆಳಗಿನ ಸ್ವರ ಕೇಳಿಸಿತು. ನಿಂತಿತು. ಮತ್ತೆ ಕೇಳಿಸಿತು. ಎಲ್ಲ ಕಾರ್ಯಕ್ರಮದಲ್ಲೂ ಅರ್ಧಕ್ಕೆ ಎದ್ದು ಬರುವ ನಾನು ಆ ಮೆಟ್ಟಿಲ ಮೇಲೆ ಅದು ಮುಗಿಯುವವರೆಗೂ ನಿಂತೆ.

ಮೀನಿನವರ ಅಂಗಡಿ ಕಮ್ಮನಹಳ್ಳಿಯಲ್ಲಿ, ಮುಖ್ಯರಸ್ತೆಯ ಗಲಾಟೆಯಿಂದ ಎರಡು ತಿರುವು ಒಳಗೆ ಇತ್ತು. ಶಿವಾಜಿನಗರದಿಂದ ಒಂದೇ ಬಸ್ಸು. ಇಷ್ಟು ಹತ್ತಿರವಾ ಎಂದು ಇಳಿದ ಮೇಲೆ ನನ್ನನ್ನೇ ಬೈದುಕೊಂಡೆ. ನನ್ನದರಷ್ಟೇ ಸಣ್ಣ ಅಂಗಡಿ, ಅದೇ ಅಂಟಿನ ವಾಸನೆ. ಒಳಗೆ ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರು ಸ್ಪೀಕರಿನ ಮೇಲೆ ಬಗ್ಗಿ, ಎರಡೂ ಕೈಯಲ್ಲಿ ಕೋನನ್ನು ಒತ್ತಿ ಹಿಡಿದು ಕೂತಿದ್ದರು. ನಡುವಿನಿಂದ ಎಕ್ಸ್‌ರೇ ಪಟ್ಟಿಗಳು ತಲೆ ಎತ್ತಿದ್ದವು. ಬೆರಳ ತುದಿಗಳು ನನ್ನವುಗಳಂತೆಯೇ ಕಪ್ಪಾಗಿದ್ದವು.

ಬಾಗಿಲಲ್ಲಿ ನೆರಳು ಬಿದ್ದದ್ದಕ್ಕೆ ಅವರು ತಲೆ ಎತ್ತದೆ ಕೇಳಿದರು: "ಕೋನ್ ಹರಿದಿದ್ಯಾ, ಕಾಯಿಲ್ ಸುಟ್ಟಿದ್ಯಾ?"

"ಎರಡೂ ಅಲ್ಲ" ಅಂದೆ. "ಮೈ ಹುಷಾರಾಗಿದೆ."

ಕನ್ನಡಕದ ಮೇಲಿನಿಂದ ಮೊದಲು ನನ್ನ ಬೆರಳುಗಳನ್ನು ನೋಡಿದರು, ಆಮೇಲೆ ಮುಖ.

"ಹಾಗಾದ್ರೆ ಅದು ಯಾರ ಕೈ?" ಎಂದು ಕೇಳಿದರು.

"ನಂದೇ. ನೀವು ಇದೀರೋ ಇಲ್ವೋ ತಿಳ್ಕೊಳ್ಳೋಕೆ ಬೇಕೂಂತ ಕೆಡಿಸ್ದೆ."

ಅವರ ಕೈ ಅಲುಗಲಿಲ್ಲ. ಅಲುಗಿಸುವಂತಿರಲಿಲ್ಲ. ಗದ್ದದಿಂದ ಮೂಲೆಯ ಸ್ಟೂಲನ್ನು ತೋರಿಸಿದರು.

"ಕೂತ್ಕೊಳ್ಳಿ" ಅಂದರು. "ಇದು ಹಿಡ್ಕೊಳ್ಳೋವರೆಗೂ ಕೈ ತೆಗೆಯಕ್ಕಾಗಲ್ಲ."

ನಾನು ಸ್ಟೂಲ್ ಎಳೆದುಕೊಂಡು ಅವರ ಎದುರಿಗೆ ಕೂತೆ. ಅಂಟು ಆಗಷ್ಟೇ ಹಾಕಿದ್ದು; ಇನ್ನೂ ಇಪ್ಪತ್ತು ನಿಮಿಷ ಇತ್ತು.